ಡಿಗ್ರಿ ಗೆರೆ ಸವೆದ ಲೇತ್‌ನಲ್ಲಿ ಟೇಪರ್ ಸರಿ ಬರ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕೋ ಕ್ರಮ

ಹಳೇ ಲೇತ್ ಇಟ್ಕೊಂಡವರಿಗೆ ಟೇಪರ್ (ಉದ್ದಕ್ಕೂ ಸಪೂರವಾಗ್ತಾ ಹೋಗೋ ಶಂಕುವಿನ ಆಕಾರ) ಸರಿ ಬರದ ಈ ತಲೆನೋವು ಒಂದಲ್ಲ ಒಂದು ದಿನ ಬಂದೇ ಬರತ್ತೆ. ಕಂಪೌಂಡ್ ಸ್ಲೈಡ್ (ಟೂಲ್ ಹೊತ್ತು ಓಡೋ, ಬೇಕಾದ ಕೋನಕ್ಕೆ ತಿರುಗಿಸಬಹುದಾದ ಮೇಲಿನ ಸ್ಲೈಡ್) ಬುಡದಲ್ಲಿರೋ ಡಿಗ್ರಿ ಗೆರೆಗಳು ಸವೆದು ಅರ್ಧಕ್ಕರ್ಧ ಕಾಣಲ್ಲ, ಸೊನ್ನೆ ಗೆರೆ ಇದ್ದ ಜಾಗದಲ್ಲಿ ಯಾರೋ ಹಿಂದೆ ಉಳಿಯಿಂದ ಹೊಡೆದ ಎರಡು ಮೂರು ಗೀರು, ಅದರಲ್ಲಿ ಯಾವುದು ಅಸಲಿ ಅಂತ ಗೊತ್ತಾಗಲ್ಲ. ಟೇಪರ್ ಕೂರದೇ ಇದ್ದಾಗ ನಾವೆಲ್ಲ ಮೊದಲು ಬೈಯೋದು ಆ ಗೆರೆಗಳನ್ನೇ. ನಾನೂ ಹಾಗೇ ಮಾಡಿದ್ದೆ. ಎಂಟಿ-2 ಅಂದ್ರೆ ಎರಡನೇ ನಂಬರ್ ಮೋರ್ಸ್ ಟೇಪರ್‌ನ (ಟೂಲ್ ಬಿಗಿಯಾಗಿ ಕೂರೋಕೆ ಅಂತ ನಿಗದಿಯಾದ ಅಳತೆಯ ಟೇಪರ್) ಒಂದು ಆರ್ಬರ್ (ಟೂಲ್ ಹಿಡಿಯೋ ದಂಡ) ಮಾಡೋಕೆ ಹೋಗಿ ಮೂರು ತುಂಡು ಹಾಳಾಯ್ತು, ಸ್ಲೀವ್ (ಒಳಗೆ ಅದೇ ಟೇಪರ್ ಇರೋ ಕೊಳವೆ) ಒಳಗೆ ಹಾಕಿದ್ರೆ ಬಾಯಿ ಹತ್ರ ಮಾತ್ರ ಹಿಡಿಯೋದು, ಒಳಗಿನ ಸಣ್ಣ ತುದಿ ಟಕ್ ಟಕ್ ಅಂತ ಅಲ್ಲಾಡೋದು. ಗೆರೆ ಕ್ಲೀನ್ ಮಾಡಿದೆ, ಬಿಳಿ ಪೇಂಟ್ ತುಂಬಿದೆ, ನಾಲ್ಕನೇದೂ ಹಾಗೇ ಬಂತು. ಕೊನೆಗೆ ಡಯಲ್ ಗೇಜ್ (ಕಡ್ಡಿ ಎಷ್ಟು ಸರೀತು ಅಂತ ಮುಳ್ಳಿನಲ್ಲಿ ತೋರಿಸೋ ಸಾಧನ) ಹಚ್ಚಿ ನೋಡಿದಾಗ ಗೊತ್ತಾಗಿದ್ದು, ನಾನು ಸೆಟ್ ಮಾಡ್ತಿದ್ದ ಕೋನ ಹತ್ತಿರತ್ತಿರ ಸರಿಯಾಗೇ ಇತ್ತು, ಆದ್ರೆ ನಟ್ ಬಿಗಿ ಮಾಡುವಾಗ ಸ್ಲೈಡ್ ಜರುಗ್ತಿತ್ತು. 50 ಮಿ.ಮೀ. ಓಡಾಟಕ್ಕೆ 0.08 ಮಿ.ಮೀ. ವ್ಯತ್ಯಾಸ, ಅಂದ್ರೆ ಸುಮಾರು ಐದೂವರೆ ಮಿನಿಟ್ ಕೋನ (60 ಮಿನಿಟ್ ಸೇರಿದ್ರೆ ಒಂದು ಡಿಗ್ರಿ). ಕಣ್ಣಿಗೆ ಏನೇನೂ ಕಾಣಲ್ಲ, ಟೇಪರ್ ಕೆಡಿಸೋಕೆ ಮಾತ್ರ ಅಷ್ಟು ಸಾಕು.

ಅದಕ್ಕೇ ನಾನು ಹೇಳೋದು, ಗೆರೆ ನಿಮ್ಮನ್ನ ಊರ ಹತ್ರ ತಂದು ಬಿಡತ್ತೆ ಅಷ್ಟೇ, ಮನೆ ಬಾಗಿಲಿಗೆ ಡಯಲ್ ಗೇಜೇ ಕರ್ಕೊಂಡು ಹೋಗ್ಬೇಕು. ಇದು ಸುಮ್ಮನೆ ಹೇಳಿದ ಮಾತಲ್ಲ, ಲೆಕ್ಕ ನೋಡಿ. ಸ್ಕೇಲ್ ಇರೋ ವೃತ್ತದ ವ್ಯಾಸ 115 ಮಿ.ಮೀ. ಅಂದ್ಕೊಳ್ಳಿ, ಸುತ್ತಳತೆ ಸುಮಾರು 361 ಮಿ.ಮೀ., ಅಂದ್ರೆ ಒಂದು ಡಿಗ್ರಿಗೆ ಸುಮಾರು ಒಂದು ಮಿ.ಮೀ. ಜಾಗ. ಗೆರೆ ದಪ್ಪವೇ 0.2 ಮಿ.ಮೀ. ಇದ್ರೆ ಅದು 0.2 ಡಿಗ್ರಿ, 12 ಮಿನಿಟ್. 60 ಮಿ.ಮೀ. ಉದ್ದದ ಟೇಪರ್‌ನಲ್ಲಿ 12 ಮಿನಿಟ್ ತಪ್ಪಿದ್ರೆ ವ್ಯಾಸದಲ್ಲಿ 0.4 ಮಿ.ಮೀ. ಏರುಪೇರಾಗತ್ತೆ. ಗೆರೆಗಳು ಫ್ಯಾಕ್ಟರಿಯಿಂದ ಬಂದಷ್ಟೇ ಹೊಸದಾಗಿದ್ರೂ ಮೋರ್ಸ್ ಟೇಪರ್‌ಗೆ ಅವು ಸಾಲ್ತಿರಲಿಲ್ಲ.

ಮೊದಲು ರೋಗ ಯಾವ ತರದ್ದು ನೋಡಿ

ಸ್ಪ್ಯಾನರ್ ಕೈಗೆ ತಗೊಳ್ಳೋ ಮುಂಚೆ ಒಂದೇ ಸೆಟ್ಟಿಂಗ್‌ನಲ್ಲಿ ಎರಡು ತುಂಡು ಮಾಡಿ, ಆಮೇಲೆ ಸ್ಲೈಡ್ ಬಿಚ್ಚಿ ತಿರುಗಿಸಿ ಮತ್ತೆ ಅದೇ ಗೆರೆಗೆ ತಂದು ಮೂರನೇದು ಮಾಡಿ. ಮೂರೂ ಒಂದೇ ತರ ತಪ್ಪಿದ್ರೆ ಅದು ಸ್ಥಿರವಾದ ತಪ್ಪು: ಸೊನ್ನೆ ಗೆರೆ ಜಾಗ ಬಿಟ್ಟಿದೆ, ಇಲ್ಲಾ ಹೆಡ್‌ಸ್ಟಾಕ್ (ತಿರುಗೋ ಸ್ಪಿಂಡಲ್ ಇರೋ ಭಾಗ) ನೇರ ಇಲ್ಲ, ಇಲ್ಲಾ ಲೆಕ್ಕವೇ ತಪ್ಪಾಗಿದೆ, ಇಲ್ಲಾ ನಟ್ ಬಿಗಿ ಮಾಡುವಾಗ ಸ್ಲೈಡ್ ಪ್ರತಿ ಸಲ ಒಂದೇ ಕಡೆ ಜರುಗ್ತಿದೆ. ಮೊದಲೆರಡು ಒಂದೇ ತರ ಇದ್ದು ಮೂರನೇದು ಬೇರೆ ಆದ್ರೆ ಗೆರೆ ಓದೋದ್ರಲ್ಲಿ ಇಲ್ಲಾ ನಟ್ ಬಿಗಿ ಮಾಡೋದ್ರಲ್ಲಿ ತೊಂದ್ರೆ. ಮೊದಲೆರಡೇ ಒಂದಕ್ಕೊಂದು ಹೊಂದಲ್ಲ ಅಂದ್ರೆ ಗಿಬ್ (ಸ್ಲೈಡ್‌ನ ಸಂದು ಬಿಗಿ ಮಾಡೋ ಪಟ್ಟಿ) ಸಡಿಲ ಇದೆ, ಅಥವಾ ಕ್ಯಾರೇಜ್ (ಬೆಡ್ ಅಂದ್ರೆ ಲೇತ್‌ನ ಉದ್ದ ಹಳಿಗಳ ಮೇಲೆ ಓಡೋ ಭಾಗ) ಲಾಕ್ ಮಾಡಿಲ್ಲ, ಆಗ ಕೋನದ ಬಗ್ಗೆ ಯೋಚನೆ ಮಾಡೋದೇ ವ್ಯರ್ಥ, ಮೊದಲು ಅದನ್ನ ಸರಿ ಮಾಡಿ.

ಟೇಪರ್ ಎಲ್ಲಿ ಹಿಡೀತಿದೆ ಅಂತ ನೋಡೋಕೆ ಪ್ರಷ್ಯನ್ ಬ್ಲೂ (ಎಲ್ಲಿ ತಾಗತ್ತೆ ಅಂತ ತೋರಿಸೋ ನೀಲಿ ಬಣ್ಣ) ತೆಳ್ಳಗೆ ಹಚ್ಚಿ, ಇಲ್ಲಾಂದ್ರೆ ಉದ್ದಕ್ಕೆ ಮೂರು ಚಾಕ್ ಗೆರೆ ಎಳೆದ್ರೂ ಆಗತ್ತೆ, ಸರಿಯಿದೆ ಅಂತ ಗೊತ್ತಿರೋ ಸ್ಲೀವ್ ಒಳಗೆ ಹಾಕಿ ಕಾಲು ಸುತ್ತು ಮಾತ್ರ ತಿರುಗಿಸಿ ತೆಗೀರಿ. ದೊಡ್ಡ ತುದಿಯಲ್ಲಿ ಮಾತ್ರ ಅಳಿಸಿದ್ರೆ ನಿಮ್ಮ ಟೇಪರ್ ಕೋನ ಜಾಸ್ತಿ, ಸಣ್ಣ ತುದಿಯಲ್ಲಿ ಮಾತ್ರ ಅಳಿಸಿದ್ರೆ ಕಮ್ಮಿ. ಎರಡೂ ತುದಿ ಅಳಿಸಿ ಮಧ್ಯ ಹಾಗೇ ಉಳಿದ್ರೆ ಅದು ಕೋನದ ತಪ್ಪೇ ಅಲ್ಲ, ಟೂಲ್ ನೇರ ಗೆರೆಯಲ್ಲಿ ಹೋಗಿಲ್ಲ ಅಂತ ಅರ್ಥ. ಸಾಮಾನ್ಯವಾಗಿ ಕಂಪೌಂಡ್‌ನ ಡವ್‌ಟೇಲ್ (ಸ್ಲೈಡ್ ಓಡೋ ಓರೆ ಅಂಚಿನ ಹಳಿ) ಮಧ್ಯದಲ್ಲಿ ಸವೆದಿರತ್ತೆ, ಯಾಕಂದ್ರೆ ಎಲ್ಲರೂ ಅದನ್ನ ಆ 20-30 ಮಿ.ಮೀ.ನಲ್ಲೇ ಓಡಿಸಿರ್ತಾರೆ. ಟೂಲ್ ಸೆಂಟರ್ ಹೈಟ್‌ನಲ್ಲಿ (ಸ್ಪಿಂಡಲ್ ಅಕ್ಷದ ಎತ್ತರದಲ್ಲಿ) ಇಲ್ಲದಿದ್ರೂ ಮೈ ಒಳಗೆ ಬಾಗತ್ತೆ ಅಂತ ಹೇಳ್ತಾರೆ, ಅದು ನಿಜ, ಆದ್ರೆ ಎಂಟಿ-2 ತರದ ಸಪೂರ ಟೇಪರ್‌ನಲ್ಲಿ ಅರ್ಧ ಮಿ.ಮೀ. ಹೈಟ್ ತಪ್ಪಿದ್ರೆ ವ್ಯತ್ಯಾಸ ಬರೋದು ಸುಮಾರು 3 ಮೈಕ್ರಾನ್ ಅಷ್ಟೇ. ಚೂಪಾಗಿ ಕೊನೆಯಾಗೋ ಕೋನ್ ಮಾಡುವಾಗ ಮಾತ್ರ ಅದು ಎದ್ದು ಕಾಣತ್ತೆ, ತುದಿಯಲ್ಲಿ ಒಂದು ಮೊಳೆ ತರ ಉಳಿದುಬಿಡತ್ತೆ. ಹೈಟ್ ಸರಿ ಮಾಡ್ಕೊಳ್ಳಿ, ಒಳ್ಳೇದೇ, ಆದ್ರೆ ಎಲ್ಲಾ ತಪ್ಪನ್ನೂ ಅದರ ಮೇಲೆ ಹಾಕ್ಬೇಡಿ.

ಲೆಕ್ಕದ ತಪ್ಪುಗಳು

ಇವು ಎರಡೇ, ಬೇಗ ಮುಗಿಸ್ತೀನಿ. ಡ್ರಾಯಿಂಗ್‌ನಲ್ಲಿ ಕೊಟ್ಟಿರೋದು ಪೂರ್ತಿ ಕೋನವಾ ಅರ್ಧ ಕೋನವಾ ನೋಡಿ, ಕಂಪೌಂಡ್ ಸೆಟ್ ಆಗೋದು ಯಾವತ್ತೂ ಅರ್ಧಕ್ಕೆ. 60 ಡಿಗ್ರಿ ಸೆಂಟರ್ (ಕೆಲಸದ ತುಂಡನ್ನ ತುದಿಯಲ್ಲಿ ಆನಿಸಿ ಹಿಡಿಯೋ ಮೊನೆ) ಮಾಡೋಕೆ 30 ಡಿಗ್ರಿ. ಎರಡನೇದು, ನಿಮ್ಮ ಮಷೀನಲ್ಲಿ ಸ್ಕೇಲ್‌ನ ಸೊನ್ನೆ ಎಲ್ಲಿಂದ ಶುರು ಅಂತ. ಕೆಲವು ಲೇತ್‌ನಲ್ಲಿ ಕಂಪೌಂಡ್ ಬೆಡ್‌ಗೆ ಸಮಾನಾಂತರ ಇದ್ದಾಗ ಸೊನ್ನೆ, ಕೆಲವದ್ರಲ್ಲಿ ಕ್ರಾಸ್ ಸ್ಲೈಡ್‌ಗೆ (ಬೆಡ್‌ಗೆ ಅಡ್ಡಲಾಗಿ ಓಡೋ ಸ್ಲೈಡ್) ಸಮಾನಾಂತರ ಇದ್ದಾಗ ಸೊನ್ನೆ. ಒಂದರಲ್ಲಿ 30 ಅನ್ನೋದು ಇನ್ನೊಂದರಲ್ಲಿ 60. ಥ್ರೆಡ್ ಹಾಕುವಾಗ ಇಲ್ಲೇ ಎಡವೋದು, ಪುಸ್ತಕದಲ್ಲಿ ಇರೋ ಇಪ್ಪತ್ತೊಂಬತ್ತೂವರೆ ಡಿಗ್ರಿ ಕ್ರಾಸ್ ಸ್ಲೈಡ್ ದಿಕ್ಕಿನಿಂದ ಅಳೆದದ್ದು, ಬೆಡ್ ಕಡೆಯಿಂದ ಸೊನ್ನೆ ಇರೋ ಮಷೀನಲ್ಲಿ ಅದೇ ಅರವತ್ತೂವರೆ ಆಗತ್ತೆ. ಥ್ರೆಡ್‌ಗೆ ಅರ್ಧ ಡಿಗ್ರಿ ಆಚೆ ಈಚೆ ಆದ್ರೆ ಏನೂ ಹೋಗಲ್ಲ, 30 ಮಾತ್ರ ದಾಟಬಾರದು, ದಾಟಿದ್ರೆ ಹಿಂದಿನ ಮುಖದಲ್ಲಿ ಸಣ್ಣ ಸಣ್ಣ ಮೆಟ್ಟಿಲು ಬೀಳತ್ತೆ. ಹಾಗಾಗಿ ಥ್ರೆಡ್‌ಗೋಸ್ಕರ ಮಾತ್ರ ಈ ಲೇಖನ ಓದ್ತಿದ್ರೆ ಒಂದು ಸಾದಾ ಪ್ರೊಟ್ರ್ಯಾಕ್ಟರ್ ಇಟ್ಟು ಸೆಟ್ ಮಾಡ್ಕೊಂಡು ಕೆಲಸಕ್ಕೆ ಹೋಗಿ.

ಬುಡ ಬಿಚ್ಚಿ ನೋಡ್ಲೇಬೇಕು

ಕಂಪೌಂಡ್ ಪೂರ್ತಿ ಬಿಚ್ಚಿ ಮೇಲೆತ್ತಿ, ಕೆಳಗಿನ ಎರಡೂ ಮುಖ ಸೀಮೆಎಣ್ಣೆಯಲ್ಲಿ ತೊಳೀರಿ. ಹಳೇ ಮಷೀನಲ್ಲಿ ಅಲ್ಲಿ ವರ್ಷಗಟ್ಟಲೆ ಕೂತ ಚಿಪ್ಸು, ಒಣಗಿ ಅಂಟಾದ ಆಯಿಲ್ಲು ಇರತ್ತೆ. ಬೆರಳ ತುದಿಯಿಂದ ನಿಧಾನಕ್ಕೆ ಸವರಿ, ಬೋಲ್ಟ್ ಕೂರೋ ಜಾಗದ ಅಂಚಿನಲ್ಲಿ ಉಬ್ಬು ಸಿಕ್ಕೇ ಸಿಗತ್ತೆ, ಆಯಿಲ್ ಸ್ಟೋನ್‌ನಿಂದ ಅದನ್ನ ತೆಗೀರಿ, ಫೈಲ್ ಹಾಕ್ಬೇಡಿ. ಉಬ್ಬು ಇದ್ರೆ ನಟ್ ಬಿಗಿ ಮಾಡಿದಾಗ ಸ್ಲೈಡ್ ಅದರ ಮೇಲೆ ತಿರುಗಿಕೊಳ್ಳತ್ತೆ, ನನ್ನ ಮಷೀನಲ್ಲಿ ಆಗ್ತಿದ್ದದ್ದು ಇದೇ. ಅಲ್ಲಿದ್ದ ಉಬ್ಬು ಸಾಸಿವೆ ಕಾಳಿನ ಅರ್ಧವೂ ಇರಲಿಲ್ಲ, ಬ್ಯಾಟರಿ ಲೈಟ್ ಅಡ್ಡಲಾಗಿ ಹಿಡಿದಾಗ ಹೊಳೀತು.

ವಾಪಸ್ ಕೂರಿಸಿದ ಮೇಲೆ ಗಿಬ್ ಸ್ಕ್ರೂಗಳನ್ನ ಒಂದೊಂದಾಗಿ ಹಿಡಿದು, ಹ್ಯಾಂಡಲ್ ಸ್ವಲ್ಪ ಗಟ್ಟಿ ಅನ್ನಿಸೋವರೆಗೂ ತನ್ನಿ. ಟೂಲ್ ಪೋಸ್ಟ್ ಹಿಡಿದು ಎಡಕ್ಕೆ ಬಲಕ್ಕೆ ನೂಕಿದಾಗ ಡಯಲ್ ಮುಳ್ಳು ಒಂದು ಡಿವಿಷನ್‌ಗಿಂತ ಜಾಸ್ತಿ ಆಡಬಾರದು. ಸ್ಲೈಡ್ ಮಧ್ಯದಲ್ಲಿ ಸರಿ ಇದ್ದು ತುದಿಗಳಲ್ಲಿ ಬಿಗಿಯಾದ್ರೆ ಮಧ್ಯ ಸವೆದಿದೆ, ಆಗ ಉದ್ದ ಟೇಪರ್ ಆ ಸ್ಲೈಡ್‌ನಲ್ಲಿ ನೇರ ಬರಲ್ಲ, ಓಡಾಟ ಚಿಕ್ಕದಿಟ್ಕೊಳ್ಳಿ.

ನೇರ ಅಳತೆ ಎಲ್ಲಿಂದ ತರೋದು

ಗೆರೆ ಬಿಟ್ಟ ಮೇಲೆ ಯಾವುದನ್ನ ನಂಬೋದು? ಸ್ಪಿಂಡಲ್‌ನ ಅಕ್ಷವನ್ನ. ಟೆಸ್ಟ್ ಮ್ಯಾಂಡ್ರಿಲ್ (ನಿಖರವಾಗಿ ಮಾಡಿದ ಪರೀಕ್ಷೆಯ ದಂಡ) ಇದ್ರೆ ಸರಿ, ಇಲ್ಲದಿದ್ರೆ ಚಕ್‌ನಲ್ಲಿ 40 ಮಿ.ಮೀ. ರಾಡ್ ಹಿಡಿದು 100 ಮಿ.ಮೀ. ಹೊರಗೆ ಬಿಟ್ಟು, ಕ್ಯಾರೇಜ್ ಫೀಡ್‌ನಲ್ಲಿ ತೆಳ್ಳಗೆ ಒಂದು ಕಟ್ ಹಾಕಿ, ಚಕ್‌ನಿಂದ ತೆಗೀಬೇಡಿ. ಅಲ್ಲೇ ತಿರುಗಿಸಿದ ರಾಡ್ ಆದ್ರಿಂದ ಅದು ಅಕ್ಷದ ಸುತ್ತ ಸರಿಯಾಗಿ ಓಡತ್ತೆ. ಈಗ ಮೈಕ್ರೋಮೀಟರ್‌ನಿಂದ ಎರಡೂ ತುದಿ ಅಳೀರಿ. ಎರಡೂ ಒಂದೇ ಬಂದ್ರೆ ಒಳ್ಳೇದು, 0.02 ಮಿ.ಮೀ. ವ್ಯತ್ಯಾಸ ಬಂದ್ರೆ ಅದರ ಅರ್ಧ, 0.01, ಆ ಉದ್ದಕ್ಕೆ ನಿಮ್ಮ ರಾಡ್ ಓರೆ ಇದೆ ಅಂತ ಬರೆದಿಟ್ಕೊಳ್ಳಿ, ಆಮೇಲೆ ಲೆಕ್ಕದಲ್ಲಿ ಕೂಡಿಸಿ ಕಳೀಬೇಕು. ಹೆಡ್‌ಸ್ಟಾಕ್ ಓರೆ ಇದ್ಯಾ ಅನ್ನೋದೂ ಇಲ್ಲೇ ಹೊರಬೀಳತ್ತೆ.

ಆಮೇಲೆ ಡಯಲ್ ಗೇಜ್ ಟೂಲ್ ಪೋಸ್ಟ್‌ನಲ್ಲಿ ಕಟ್ಟಿ, ಅದರ ಕಡ್ಡಿ ರಾಡ್‌ನ ಪಕ್ಕಕ್ಕೆ, ಸೆಂಟರ್ ಹೈಟ್‌ನಲ್ಲಿ, ಅಕ್ಷಕ್ಕೆ ಲಂಬವಾಗಿ ತಾಗಲಿ. ಲಂಬ ಅನ್ನೋದನ್ನ ಹಗುರಾಗಿ ತಗೋಬೇಡಿ, ಕಡ್ಡಿ 10 ಡಿಗ್ರಿ ಓರೆ ನಿಂತ್ರೆ ಓದುವ ಅಳತೆ ಒಂದೂವರೆ ಪರ್ಸೆಂಟ್ ತಪ್ಪತ್ತೆ. ಕ್ಯಾರೇಜ್ ಲಾಕ್, ಕ್ರಾಸ್ ಸ್ಲೈಡ್ ಲಾಕ್. ಈಗ ಕಂಪೌಂಡ್ ಹ್ಯಾಂಡಲ್ ಮಾತ್ರ ತಿರುಗಿಸಿ, ಬ್ಯಾಕ್‌ಲ್ಯಾಶ್ (ಸ್ಕ್ರೂನಲ್ಲಿರೋ ಸಡಿಲ) ಹೋಗೋವರೆಗೂ ಒಂದೇ ದಿಕ್ಕಿಗೆ ತಂದು ಡಯಲ್ ಸೊನ್ನೆ ಮಾಡ್ಕೊಂಡು, 50 ಮಿ.ಮೀ. ಓಡಿಸಿ. ಡಯಲ್ ಎಷ್ಟು ಸರೀತೋ ಅದು 50 ಗುಣಿಸು ಆ ಕೋನದ ಸೈನ್.

ಎಂಟಿ-2 ನೋಡಿ: ಟೇಪರ್ 20.020ಕ್ಕೆ 1, ಅರ್ಧ ಕೋನ 1 ಡಿಗ್ರಿ 25 ಮಿನಿಟ್ 50 ಸೆಕೆಂಡ್, 50 ಮಿ.ಮೀ. ಓಡಾಟಕ್ಕೆ ಡಯಲ್ 1.248 ತೋರಿಸ್ಬೇಕು. ಎಂಟಿ-3 ಆದ್ರೆ 19.922ಕ್ಕೆ 1, ಅರ್ಧ ಕೋನ 1 ಡಿಗ್ರಿ 26 ಮಿನಿಟ್ 16 ಸೆಕೆಂಡ್, ಡಯಲ್‌ನಲ್ಲಿ ಸುಮಾರು 1.254. ಎರಡಕ್ಕೂ ಮಧ್ಯ ಇರೋದು ಆರು ಮೈಕ್ರಾನ್, 0.01 ಡಯಲ್‌ನ ಒಂದು ಡಿವಿಷನ್‌ಗಿಂತ ಕಮ್ಮಿ! ಆ ಗೆರೆಗಳನ್ನ ನೋಡಿ ಇದನ್ನ ಸೆಟ್ ಮಾಡೋದು ಸಾಧ್ಯವೇ ಇಲ್ಲ ಅಂತ ನಾನು ಯಾಕೆ ಒತ್ತಿ ಹೇಳ್ತಿದೀನಿ ಅಂತ ಈಗ ಗೊತ್ತಾಗಿರತ್ತೆ.

ನಟ್ ಅರ್ಧ ಬಿಗಿ ಇಟ್ಟು ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಆ ಅಂಕಿಗೆ ತನ್ನಿ. ಆಮೇಲೆ ನಟ್‌ಗಳನ್ನ ಒಂದು ಈ ಕಡೆ ಒಂದು ಆ ಕಡೆ ಅಂತ ಕಾಲು ಕಾಲು ಸುತ್ತು ಬಿಗೀತಾ ಹೋಗಿ, ಪೂರ್ತಿ ಬಿಗಿಯಾದ ಮೇಲೆ 50 ಮಿ.ಮೀ. ಓಡಾಟ ಮತ್ತೊಮ್ಮೆ ನೋಡಿ. ಈ ಕೊನೇ ಚೆಕ್ ಬಿಟ್ಟವರು ಜಾಸ್ತಿ. ಬಿಗಿಯಾದಾಗ ಪ್ರತಿ ಸಲವೂ ಒಂದೇ ಕಡೆ ಒಂದೇ ಅಳತೆ ಜರುಗ್ತಿದ್ರೆ ಅಷ್ಟನ್ನ ಮುಂಚೆನೇ ಉಲ್ಟಾ ಕೊಟ್ಟು ಸೆಟ್ ಮಾಡಬಹುದು, ಆದ್ರೆ ಅದು ತಾತ್ಕಾಲಿಕ, ಬುಡ ಸರಿ ಮಾಡೋದೇ ದಾರಿ.

ಸೈನ್ ಯಾವಾಗ, ಟ್ಯಾನ್ ಯಾವಾಗ ಅನ್ನೋ ಗೊಂದಲ ಇಲ್ಲೇ ಬಗೆಹರಿಸ್ಕೊಳ್ಳಿ. ಕಂಪೌಂಡ್ ತಾನೇ ಓರೆಯಾಗಿ ಓಡಿದ ದೂರ ನಿಮ್ಮ ಅಳತೆ ಆದ್ರೆ ಸೈನ್. ಕ್ಯಾರೇಜ್ ಬೆಡ್ ಉದ್ದಕ್ಕೆ ಓಡಿ, ಡಯಲ್ ಬೇರೆ ಕಡೆ ನಿಂತು ಕಂಪೌಂಡ್‌ನ ಪಕ್ಕದ ಮುಖಕ್ಕೆ ತಾಗಿಕೊಂಡಿದ್ರೆ ಟ್ಯಾನ್. ಮೋರ್ಸ್ ಟೇಪರ್‌ನಂಥ ಸಣ್ಣ ಕೋನದಲ್ಲಿ ಎರಡೂ ಬಹುಪಾಲು ಒಂದೇ, 30 ಡಿಗ್ರಿಯಲ್ಲಿ ಒಂದು 0.5, ಇನ್ನೊಂದು 0.577, ಅಲ್ಲಿ ತಪ್ಪಿದ್ರೆ ಕೆಲಸ ಕೆಡತ್ತೆ. ಇನ್ನೊಂದು, ಕಂಪೌಂಡ್‌ನ ಪಕ್ಕದ ಮುಖ ಡವ್‌ಟೇಲ್‌ಗೆ ಸಮಾನಾಂತರ ಇದೆ ಅಂತ ಸುಮ್ಮನೆ ನಂಬಬೇಡಿ, ಡಯಲ್ ಬೆಡ್ ಮೇಲೆ ನಿಲ್ಲಿಸಿ ಆ ಮುಖಕ್ಕೆ ತಾಗಿಸಿ ಕಂಪೌಂಡ್ ಓಡಿಸಿ ನೋಡಿ, ಆದ್ರೆ ಈ ಚೆಕ್ ಮಾಡುವಾಗ ಕಂಪೌಂಡ್ ಬೆಡ್‌ಗೆ ಸಮಾನಾಂತರ ಇರಲಿ. ಮುಳ್ಳು ಅಲ್ಲಾಡಬಾರದು.

ದೊಡ್ಡ ಕೋನಗಳು

30, 45 ಬಂದಾಗ 10 ಮಿ.ಮೀ. ಡಯಲ್ ಗೇಜ್ ಬೇಗ ಮುಗಿದುಹೋಗತ್ತೆ. 10 ಮಿ.ಮೀ. ಓಡಾಟಕ್ಕೆ 30 ಡಿಗ್ರಿಯಲ್ಲಿ 5.00, 45ರಲ್ಲಿ 7.07, ಇಷ್ಟು ಸಾಧ್ಯ, ಆದ್ರೆ ನಿಖರತೆ ಇಳಿಯತ್ತೆ. 30 ಡಿಗ್ರಿಯಲ್ಲಿ ಒಂದು ಡಿವಿಷನ್ ಅಂದ್ರೆ 4 ಮಿನಿಟ್, ಮತ್ತೆ ಓಡಾಟವೇ 0.05 ತಪ್ಪಿದ್ರೆ ಕೋನ 10 ಮಿನಿಟ್ ತಪ್ಪತ್ತೆ, ಹಳೇ ಸ್ಕ್ರೂನ ಹ್ಯಾಂಡಲ್ ಮಾರ್ಕಿಂಗ್ ನಂಬಿದ್ರೆ ಅಷ್ಟು ತಪ್ಪೋದು ದೊಡ್ಡ ವಿಷಯ ಅಲ್ಲ. ಎಂಟಿ-2ನಲ್ಲಿ ಇದೇ 0.05 ತಪ್ಪು ಡಯಲ್‌ನಲ್ಲಿ ಒಂದೆರಡು ಮೈಕ್ರಾನ್ ಅಷ್ಟೇ. ಹಾಗಾಗಿ ದೊಡ್ಡ ಕೋನಕ್ಕೆ ಓಡಾಟ ಅಳೆಯೋಕೂ ಇನ್ನೊಂದು ಡಯಲ್ ಗೇಜ್ ಇಡಿ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ಸೊನ್ನೆ ಹಿಡಿಯೋದು. ಕೋನ ಗೊತ್ತಿರೋ ಒಂದು ವಸ್ತುವನ್ನ ಮುಂದೆ ಇಟ್ಟು, ಡಯಲ್ ಅದರ ಮೇಲೆ ಓಡುವಾಗ ಮುಳ್ಳು ಅಲ್ಲಾಡದ ಹಾಗೆ ಕಂಪೌಂಡ್ ತಿರುಗಿಸೋದು. ಲೆಕ್ಕ ಬೇಡ, ಓಡಾಟ ಎಷ್ಟು ಅಂತ ಅಳೆಯೋದೂ ಬೇಡ. ಫೇಸ್ ಪ್ಲೇಟ್‌ಗೆ (ಸ್ಪಿಂಡಲ್‌ಗೆ ಹಾಕೋ ಚಪ್ಪಟೆ ತಟ್ಟೆ) ಆಂಗಲ್ ಬ್ಲಾಕ್ ಒತ್ತಿ ಹಿಡಿದು ಓರೆ ಮುಖದ ಮೇಲೆ ಡಯಲ್ ಓಡಿಸಿದ್ರೆ ಮುಗೀತು. ಸೈನ್ ಬಾರ್ (ಎರಡು ರೋಲರ್ ಮೇಲೆ ಕೂತ, ಕೋನ ಹಿಡಿಯೋ ಪಟ್ಟಿ) ಇದ್ರೆ ಅದನ್ನ ಫೇಸ್ ಪ್ಲೇಟ್ ಮುಖಕ್ಕೆ ಒರಗಿಸಿ ಒಂದು ರೋಲರ್ ಕೆಳಗೆ ಸ್ಲಿಪ್ ಗೇಜ್ (ನಿಖರ ದಪ್ಪದ ತುಂಡು) ಇಡಿ, 100 ಮಿ.ಮೀ. ಸೈನ್ ಬಾರ್‌ಗೆ 50 ಮಿ.ಮೀ. ಸ್ಲಿಪ್ ಇಟ್ರೆ 30 ಡಿಗ್ರಿ, ಆದ್ರೆ ನೆನಪಿರಲಿ ಅದು ಫೇಸ್ ಪ್ಲೇಟ್‌ನಿಂದ 30, ಅಕ್ಷದಿಂದ 60. ಸೈನ್ ಬಾರ್ 45 ದಾಟಿದ್ರೆ ನಿಖರತೆ ಬೇಗ ಇಳಿಯತ್ತೆ. ಫೇಸ್ ಪ್ಲೇಟ್ ಮುಖ ಅಕ್ಷಕ್ಕೆ ಲಂಬ ಇದ್ಯಾ ಅಂತ ಮೊದಲು ನೋಡಿ, ಚೆನ್ನಾಗಿ ಸೆಟ್ ಆದ ಲೇತ್ ಕೂಡ ಮುಖವನ್ನ ಮಧ್ಯದಲ್ಲಿ ಒಂಚೂರು ತಗ್ಗಿರೋ ಹಾಗೆ ತಿರುಗಿಸತ್ತೆ.

ಮ್ಯಾಗ್ನೆಟ್ ಅಂಟಿಸೋ ಡಿಜಿಟಲ್ ಆಂಗಲ್ ಬಾಕ್ಸ್ ತಂದು ಕಂಪೌಂಡ್ ಮೇಲೆ ಇಡಬಹುದಲ್ವಾ ಅಂತ ಬಹಳ ಜನ ಕೇಳ್ತಾರೆ. ಆಗಲ್ಲ. ಅದು ಭೂಮಿಯ ಸೆಳೆತದಿಂದ ಓರೆ ಅಳೆಯೋದು, ಕಂಪೌಂಡ್ ತಿರುಗೋದು ಮಲಗಿದ ಸಮತಲದಲ್ಲಿ, ಎಷ್ಟು ತಿರುಗಿಸಿದ್ರೂ ಅದು ಒಂದೇ ಅಂಕಿ ತೋರಿಸತ್ತೆ. ವರ್ನಿಯರ್ ಇರೋ ಬೆವೆಲ್ ಪ್ರೊಟ್ರ್ಯಾಕ್ಟರ್ 5 ಮಿನಿಟ್‌ವರೆಗೆ ಓದತ್ತೆ, ಚೇಂಫರ್‌ಗೆ (ಅಂಚು ಓರೆಯಾಗಿ ಕತ್ತರಿಸೋದಕ್ಕೆ), ಸಾದಾ ಕೋನಗಳಿಗೆ ಧಾರಾಳ ಸಾಕು.

ಗೆರೆಗಳಿಗೆ ಮತ್ತೆ ಜೀವ ಕೊಡೋದು

ಇಷ್ಟೆಲ್ಲ ಹೇಳಿದ ಮೇಲೂ ಗೆರೆ ಬೇಕೇ ಬೇಕು, ಹತ್ತಿರಕ್ಕೆ ಬೇಗ ಬರೋಕೆ. ಥಿನ್ನರ್ ಹಾಕಿ ಜಿಡ್ಡು ತೆಗೆದು, ಬಿಳಿ ಪೇಂಟ್ ತಿಕ್ಕಿ, ಒಣಗೋ ಮುಂಚೆ ಗಟ್ಟಿ ರಟ್ಟಿನ ಅಂಚಿನಿಂದ ಗೆರೆಗೆ ಅಡ್ಡಲಾಗಿ ಒರೆಸಿ, ಉಳಿದಿರೋ ಗೆರೆಗಳೆಲ್ಲ ಎದ್ದು ಕಾಣತ್ತೆ. ಪೂರ್ತಿ ಹೋಗಿದ್ರೆ ಕಾಗದದ ಪಟ್ಟಿ ಪ್ರಿಂಟ್ ಮಾಡಿ ಅಂಟಿಸಬಹುದು, ವ್ಯಾಸ ಕ್ಯಾಲಿಪರ್‌ನಿಂದ ಅಳೆದು 3.1416ರಿಂದ ಗುಣಿಸಿ ಬಂದ ಉದ್ದವನ್ನ 360 ಭಾಗ ಮಾಡಿ, ಪ್ರಿಂಟರ್ ಸ್ವಲ್ಪ ಕುಗ್ಗಿಸಿರತ್ತೆ ಆದ್ರಿಂದ ಸ್ಟೀಲ್ ರೂಲ್ ಇಟ್ಟು ಒಮ್ಮೆ ನೋಡಿ.

ಸೊನ್ನೆ ಗೆರೆ ಹಾಕೋದು ಮಾತ್ರ ಡಯಲ್ ನೋಡಿಯೇ. ಚಕ್‌ನಲ್ಲಿರೋ ಆ ರಾಡ್ ಮೇಲೆ ಕಂಪೌಂಡ್ ಓಡಿಸಿ ಮುಳ್ಳು ಅಲ್ಲಾಡದ ಹಾಗೆ ಬಿಗಿ ಮಾಡಿ, ಆ ಸ್ಥಿತಿಯಲ್ಲಿ ಮೊದಲು ಟೇಪ್ ಅಂಟಿಸಿ ಅದರ ಮೇಲೆ ಗೆರೆ ಎಳೀರಿ, ಕಬ್ಬಿಣದ ಮೇಲೆ ಬೇಡ. ಎಡಕ್ಕೊಮ್ಮೆ 30, ಬಲಕ್ಕೊಮ್ಮೆ 30 ತಿರುಗಿಸಿ ಡಯಲ್‌ನಲ್ಲಿ ನೋಡಿ. ಎರಡೂ ಕಡೆ ಸಮ ಬಂದ್ರೆ ಆಮೇಲೆ ಸ್ಕ್ರೈಬರ್‌ನಿಂದ ಪರ್ಮನೆಂಟ್ ಗೆರೆ. ಸೊನ್ನೆಯಲ್ಲಿ ಸರಿ ಇದ್ದು 30ರಲ್ಲಿ ತಪ್ಪಿದ್ರೆ ಸ್ಕೇಲ್‌ನ ಮಧ್ಯ ತಿರುಗೋ ಪಿನ್‌ನ ಮಧ್ಯದಿಂದ ಸರಿದಿದೆ, 115 ಮಿ.ಮೀ. ವೃತ್ತದಲ್ಲಿ 0.2 ಮಿ.ಮೀ. ಸರಿದ್ರೆ ಒಂದು ಕಡೆ 0.2 ಡಿಗ್ರಿವರೆಗೂ ತಪ್ಪಬಹುದು. ಅಂಥ ಮಷೀನ್‌ಗೆ ಒಂದು ಚೀಟಿಯಲ್ಲಿ 15, 30, 45ಕ್ಕೆ ಎಷ್ಟೆಷ್ಟು ತಿದ್ದುಪಡಿ ಅಂತ ಬರೆದು ಹೆಡ್‌ಸ್ಟಾಕ್ ಮೇಲೆ ಅಂಟಿಸಿ.

ಕೊನೇ ಪರೀಕ್ಷೆ

ಮಾಡಿದ ಟೇಪರ್‌ನ ಕೋನ ನಿಜಕ್ಕೂ ಎಷ್ಟು ಅಂತ ಅಂಕಿಯಲ್ಲಿ ಬೇಕಂದ್ರೆ ಸರ್ಫೇಸ್ ಪ್ಲೇಟ್ ಮೇಲೆ ಸಣ್ಣ ತುದಿ ಕೆಳಗಾಗಿ ನಿಲ್ಲಿಸಿ, ಎರಡೂ ಪಕ್ಕ ಒಂದೇ ಅಳತೆಯ ಎರಡು ರೋಲರ್ ಇಟ್ಟು ಹೊರಗಿನಿಂದ ಮೈಕ್ರೋಮೀಟರ್ ಹಾಕಿ, ಆಮೇಲೆ ಎರಡೂ ರೋಲರ್ ಕೆಳಗೆ ಸಮಾನ ಎತ್ತರದ ಸ್ಲಿಪ್ ಗೇಜ್ ಇಟ್ಟು ಮತ್ತೆ ಅಳೀರಿ. ಎರಡು ಅಳತೆಯ ವ್ಯತ್ಯಾಸವನ್ನ ಸ್ಲಿಪ್ ಎತ್ತರದ ಎರಡರಷ್ಟರಿಂದ ಭಾಗಿಸಿದ್ರೆ ಅರ್ಧ ಕೋನದ ಟ್ಯಾನ್ ಸಿಗತ್ತೆ. ಎಂಟಿ-2ಗೆ ಅದು 0.02498ರ ಹತ್ರ ಇರ್ಬೇಕು.

ಹೀಗೆ ಒಂದು ಸಲ ಸರಿಯಾಗಿ ಕೂತ ಆರ್ಬರ್ ಸಿಕ್ಕಿದ ಮೇಲೆ ಅದನ್ನ ಕೆಲಸಕ್ಕೆ ಹಾಕ್ಬೇಡಿ. ಎರಡೂ ತುದಿಯ ಸೆಂಟರ್ ಹೋಲ್‌ಗೆ ಏಟು ಬೀಳದ ಹಾಗೆ ಗ್ರೀಸ್ ಹಚ್ಚಿ ಬಟ್ಟೆ ಸುತ್ತಿ ಇಡಿ. ಮುಂದಿನ ಸಲ ಎರಡು ಸೆಂಟರ್ ಮಧ್ಯ ಅದನ್ನೇ ಹಾಕಿ, ಟೇಲ್‌ಸ್ಟಾಕ್ (ಹೆಡ್‌ಸ್ಟಾಕ್ ಎದುರು ತುದಿಯ ಭಾಗ) ನೇರ ಇದ್ಯಾ ಮೊದಲು ನೋಡ್ಕೊಂಡು, ಡಯಲ್ ಪಾಯಿಂಟನ್ನ ಸರಿಯಾಗಿ ಸೆಂಟರ್ ಹೈಟ್‌ಗೆ ತಂದು (ಟೇಪರ್ ಮೇಲೆ ಓಡಿಸುವಾಗ ಹೈಟ್ ತಪ್ಪಬಾರದು), ಕಂಪೌಂಡ್ ಓಡಿಸ್ತಾ ಮುಳ್ಳು ನಿಲ್ಲೋವರೆಗೂ ತಟ್ಟಿ. ನಾನು ಈಗ ಎಂಟಿ-2 ಸೆಟ್ ಮಾಡೋದು ಹೀಗೇ, ಹತ್ತು ನಿಮಿಷ ಸಾಕಾಗತ್ತೆ, ಡಿಗ್ರಿ ಗೆರೆ ಕಡೆ ನೋಡೋದು ಶುರುವಿನಲ್ಲಿ ಒಂದೇ ಸಲ.